ಅಳತೆ ಪುಸ್ತಕದ ಪಕ್ಕದಲ್ಲಿ ಸತ್ಯವೇದ

“ಹಾಗಾದರೆ ನಾನು ನಲವತ್ತು ವರ್ಷ ಪಾಪವನ್ನೇ ನೇಯ್ದೆನೇನು?”

ದೊಡ್ಡವ್ವ ಹೀಗೆ ಕೇಳಿದಾಗ ನಮ್ಮ ಗುರುವಾರದ ಕೂಟದಲ್ಲಿ ಯಾರಿಗೂ ಮಾತು ಹೊರಡಲಿಲ್ಲ. ಅಂದು ಸತ್ಯವೇದದ, ಅಂದರೆ ಬೈಬಲಿನ, ಯಾಜಕಕಾಂಡ ಎಂಬ ಪುಸ್ತಕದ 19ನೇ ಅಧ್ಯಾಯ ಓದುತ್ತಿದ್ದೆವು. ಅದರ 19ನೇ ವಚನದಲ್ಲಿ, ಎರಡು ಬಗೆಯ ನೂಲು ಕೂಡಿಸಿ ನೇಯ್ದ ಬಟ್ಟೆಯನ್ನು ಹಾಕಿಕೊಳ್ಳಬಾರದು ಎಂದಿದೆ. ನಮ್ಮದು ಗುಳೇದಗುಡ್ಡ. ರೇಷ್ಮೆ, ಹತ್ತಿ ಎರಡೂ ಕೂಡಿದ ಖಣವೇ ಈ ಊರಿಗೆ ಅನ್ನ ಹಾಕಿದ್ದು. ದೊಡ್ಡವ್ವ ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯ್ದದ್ದು ಅದನ್ನೇ. ಅಲ್ಲಿ ಕುಳಿತಿದ್ದ ಹನ್ನೊಂದು ಹೆಂಗಸರಲ್ಲಿ ಏಳೆಂಟು ಮಂದಿ ತೊಟ್ಟಿದ್ದ ಕುಪ್ಪಸವೂ ಅದರದೇ. ಆ ಕುಪ್ಪಸಗಳಲ್ಲಿ ಹೆಚ್ಚಿನವನ್ನು ಹೊಲಿದವಳು ನಾನು.

ದೊಡ್ಡವ್ವನಿಗೆ ಓದಲು ಬರುವುದಿಲ್ಲ. ಓದಲು ಬರುವ ನಾವೆಲ್ಲ ಆ ವಚನವನ್ನು ಎಷ್ಟು ಸಲ ದಾಟಿ ಹೋಗಿದ್ದೆವೋ ಲೆಕ್ಕವಿಲ್ಲ. ಕಣ್ಣಿಗೆ ಜಾರಿದ್ದು ಆಕೆಯ ಕಿವಿಗೆ ಚುಚ್ಚಿತು. ಅಂದಿನಿಂದ ನಾನು ಓದುವ ಕ್ರಮ ಬದಲಾಯಿತು. ಆ ಕ್ರಮವನ್ನು, ಕೇಳಿದವರಿಗೆಲ್ಲ ಬಾಯಲ್ಲಿ ಹೇಳಿ ಸಾಕಾಗಿ, ಇಲ್ಲಿ ಬರೆದಿಡುತ್ತಿದ್ದೇನೆ. ನಾನು ದೈವಶಾಸ್ತ್ರ ಓದಿದವಳಲ್ಲ. ಇಪ್ಪತ್ತಾರು ವರ್ಷದಿಂದ ಹೊಲಿಗೆ ಯಂತ್ರದ ಮುಂದೆ ಕುಳಿತವಳು. ಬಾಸೆಲ್ ಮಿಷನ್ನಿನವರ ಕಾಲದಿಂದ ಇಲ್ಲಿರುವ ಕ್ರೈಸ್ತ ಸಭೆಯ ಮಗಳು ಎಂಬುದನ್ನು ಬಿಟ್ಟರೆ ನನಗೆ ಬೇರೆ ಅರ್ಹತೆ ಇಲ್ಲ.

ಯಾವ ಪುಸ್ತಕ ಇಟ್ಟುಕೊಳ್ಳಬೇಕು

ಮನೆಯಲ್ಲಿ ಇರುವುದೇ ಸಾಕು. ಒಳ್ಳೆಯ ಪ್ರತಿ ಕೊಂಡ ಮೇಲೆ ಓದುತ್ತೇನೆ ಎನ್ನುವವರು ಕೊಳ್ಳುವುದೂ ಇಲ್ಲ, ಓದುವುದೂ ಇಲ್ಲ. ಹಳೆಯ ಅನುವಾದದ ಕನ್ನಡ ಗಡುಸು ಎನಿಸಿದರೆ ನಾಚಿಕೆ ಬೇಡ. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಬಂದದ್ದು 1831ರಲ್ಲಿ, ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ದುಡಿದ ಮೇಲೆ. ಆಮೇಲೆ ಬಾಸೆಲ್ ಮಿಷನ್ನಿನ ವೈಗಲ್ ಮೊದಲಾದವರು ಅದನ್ನು ತಿದ್ದಲು ಕುಳಿತರು. ಅವರ ನಂತರದವರೂ ತಿದ್ದುತ್ತಲೇ ಬಂದಿದ್ದಾರೆ. ಅಷ್ಟು ಜನ ಪದಪದಕ್ಕೂ ತಲೆ ಕೆಡಿಸಿಕೊಂಡ ಮೇಲೆ ನಾವು ಒಂದು ಪದದ ಮುಂದೆ ಐದು ನಿಮಿಷ ನಿಂತರೆ ಏನೂ ನಷ್ಟವಿಲ್ಲ.

ಅರ್ಥವಾಗದ ಕಡೆ ಇನ್ನೊಂದು ಅನುವಾದ ತೆರೆಯಿರಿ. ಮೊಬೈಲಿನಲ್ಲಿ ಪುಕ್ಕಟೆಯಾಗಿಯೇ ಸಿಗುತ್ತವೆ. ಯೇಸುವಿನ ಕತೆ ಹೇಳುವ, ಮಾರ್ಕನು ಬರೆದ ಸುವಾರ್ತೆಯ ಮೊದಲ ಅಧ್ಯಾಯದ 15ನೇ ವಚನವನ್ನು ನೋಡಿ. ಒಂದರಲ್ಲಿ ‘ದೇವರ ಕಡೆಗೆ ತಿರುಗಿಕೊಂಡು’ ಎಂದಿದೆ, ಇನ್ನೊಂದರಲ್ಲಿ ‘ಪಶ್ಚಾತ್ತಾಪ’ ಎಂಬ ಮಾತು ಬರುತ್ತದೆ. ಪಶ್ಚಾತ್ತಾಪ ಎಂದಾಗ ನನಗೆ ಕಣ್ಣೀರು ನೆನಪಾಗುತ್ತಿತ್ತು. ತಿರುಗಿಕೊಳ್ಳುವುದು ಎಂದಾಗ ಕಾಲು ನೆನಪಾಯಿತು. ಅಳುವುದಕ್ಕಿಂತ ನಡೆಯುವ ದಿಕ್ಕು ಬದಲಿಸುವುದು ಕಷ್ಟ. ಎರಡು ಅನುವಾದ ಇಟ್ಟುಕೊಂಡಿದ್ದರಿಂದ ಆ ಕಷ್ಟ ನನಗೆ ಗೊತ್ತಾಯಿತು.

ಕಥೋಲಿಕ ಗೆಳತಿಯ ಬೈಬಲಿನಲ್ಲಿ 73 ಪುಸ್ತಕ, ನಮ್ಮದರಲ್ಲಿ 66. ನಮ್ಮ ಸುವಾರ್ತೆಗೆ ಅವರು ಶುಭಸಂದೇಶ ಎನ್ನುತ್ತಾರೆ. ಅದಕ್ಕಾಗಿ ಜಗಳ ಬೇಡ. ಮಾರ್ಕ ಇಬ್ಬರಿಗೂ ಹದಿನಾರೇ ಅಧ್ಯಾಯ.

ಅಲ್ಲಿಂದಲೇ ಆರಂಭಿಸಿ ಎಂದು ನಾನು ಹೇಳುತ್ತೇನೆ. ಆದಿಕಾಂಡದಿಂದ ಹೊರಟು ಸಾಲಾಗಿ ಓದುತ್ತೇನೆಂದು ಹಟ ಹಿಡಿದವರು ವಿಮೋಚನಕಾಂಡದಲ್ಲಿ ಬರುವ ದೇವರ ಆರಾಧನೆಯ ಗುಡಾರದ ಅಳತೆಗಳಲ್ಲಿ ಸುಸ್ತಾಗಿ ಯಾಜಕಕಾಂಡದ ಬಾಗಿಲಲ್ಲಿ ಮಲಗುತ್ತಾರೆ. ನಾನೇ ಮೂರು ಸಲ ಮಲಗಿದ್ದೇನೆ. ಮಾರ್ಕವನ್ನು ಒಂದು ಮಧ್ಯಾಹ್ನ ಕುಳಿತರೆ ಪೂರ್ತಿ ಓದಿ ಮುಗಿಸಬಹುದು. ಮೊದಲು ಹಾಗೆ ಒಂದೇ ಉಸಿರಿಗೆ ಓದಿ, ಆಮೇಲೆ ದಿನಕ್ಕೆ ಅರ್ಧ ಅಧ್ಯಾಯ ಹಿಡಿಯಿರಿ.

‘ವಚನ’ ಎಂಬ ಪದದ ತೊಡಕು

ನನ್ನ ಅಂಗಡಿಗೆ ಬರುವ ಅಕ್ಕನೊಬ್ಬರು, ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡಿ, “ಇದು ಯಾರ ವಚನ?” ಎಂದು ಕೇಳಿದ್ದರು. ಅವರು ಶರಣರ ವಚನ ಕೇಳುತ್ತ ಬೆಳೆದವರು. ಆ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಕನ್ನಡದಲ್ಲಿ ನಾವು ಎರಡಕ್ಕೂ ಒಂದೇ ಹೆಸರು ಇಟ್ಟಿದ್ದೇವೆ. ಶರಣರ ವಚನ ತನ್ನಲ್ಲೇ ಪೂರ್ತಿ. ಅಂಕಿತದೊಂದಿಗೆ ಅದು ಮುಗಿಯುತ್ತದೆ. ಸತ್ಯವೇದದ ವಚನ ಹಾಗೆ ಮುಗಿದ ಮಾತಲ್ಲ. ಪೌಲನು ಕೊರಿಂಥದವರಿಗೆ ಬರೆದದ್ದು ಪತ್ರ. ಪತ್ರಕ್ಕೆ ಯಾರಾದರೂ ಸಾಲುಸಾಲಿಗೆ ಸಂಖ್ಯೆ ಹಾಕುತ್ತಾರೆಯೇ? ಅಧ್ಯಾಯಗಳ ವಿಂಗಡಣೆ ಬಂದದ್ದು ಹದಿಮೂರನೇ ಶತಮಾನದ ಹೊತ್ತಿಗೆ. ಹೊಸ ಒಡಂಬಡಿಕೆಗೆ ಈಗಿರುವ ವಚನ ಸಂಖ್ಯೆಗಳನ್ನು ಕೊಟ್ಟವನು ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕ, 1551ರಲ್ಲಿ. ಹುಡುಕಲು ಅನುಕೂಲವಾಗಲಿ ಎಂದು ಹಾಕಿದ ಗುರುತು ಅದು. ಬಟ್ಟೆಯ ಮೇಲೆ ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತೇನಲ್ಲ, ಹಾಗೆ. ಗೆರೆ ಕಂಡಲ್ಲೆಲ್ಲ ಕತ್ತರಿಸಲು ಹೋದರೆ ಕುಪ್ಪಸ ಉಳಿಯುವುದಿಲ್ಲ.

ಕತ್ತರಿಸಿದ ತುಂಡುಗಳಿಂದ ಕೌದಿ ಮಾಡಬಹುದು, ನಿಜ. ಆದರೆ ಕೌದಿಯಲ್ಲಿ ಬರುವ ಚಿತ್ತಾರ ಹೊಲಿಯುವವಳ ಮನಸ್ಸಿನದು, ನೇಯ್ದವನದಲ್ಲ. ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯದ 22ನೇ ವಚನವನ್ನು, ಹೆಂಡತಿ ಗಂಡನಿಗೆ ತಗ್ಗಿ ನಡೆಯಬೇಕು ಎಂಬುದನ್ನು, ಹೆಂಡತಿಗೆ ಬಾಯಿಪಾಠ ಹೇಳುವ ಗಂಡಸರು ನಮ್ಮಲ್ಲಿ ಎಷ್ಟು ಜನ! ಅದರ ಹಿಂದಿನ 21ರಲ್ಲಿ ಒಬ್ಬರಿಗೊಬ್ಬರು ತಗ್ಗಿ ನಡೆಯಿರಿ ಎಂದಿದೆ. 25ರಲ್ಲಿ, ಕ್ರಿಸ್ತನು ಸಭೆಗಾಗಿ ತನ್ನನ್ನೇ ಒಪ್ಪಿಸಿಕೊಟ್ಟ ಹಾಗೆ ಹೆಂಡತಿಯನ್ನು ಪ್ರೀತಿಸಿ ಎಂದಿದೆ. ಅವೆರಡು ಮಾತ್ರ ಅವರ ನಾಲಿಗೆಗೆ ಬರುವುದಿಲ್ಲ.

ನನ್ನ ತಂಗಿಯ ಕತೆ ಹೇಳಬೇಕು. ಅವಳ ಮನೆ ಹಳೆಯ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿಯ ಹಿನ್ನೀರು ಬಂತು, ಮನೆ ಹೋಯಿತು, ನವನಗರಕ್ಕೆ ಬಂದರು. ಬೀದಿಗೆ ಹೆಸರಿಲ್ಲ, ಸೆಕ್ಟರಿಗೆ ನಂಬರು. ಆ ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಹೊಸ ವರ್ಷಕ್ಕೆಂದು ಒಬ್ಬೊಬ್ಬರೂ ಒಂದೊಂದು ವಚನದ ಚೀಟಿ ಎತ್ತುತ್ತಾರೆ; ಅವಳಿಗೆ ಬಂದ ಆ ವಾಗ್ದಾನದ ಚೀಟಿ ಯೆರೆಮೀಯ 29:11, ಅಂದರೆ ಯೆರೆಮೀಯ ಪುಸ್ತಕದ 29ನೇ ಅಧ್ಯಾಯದ 11ನೇ ವಚನ. ನಿಮ್ಮ ವಿಷಯದಲ್ಲಿ ನಾನು ಯೋಚಿಸಿರುವುದು ಹಿತವೇ, ಕೇಡಲ್ಲ ಎಂಬ ಅರ್ಥದ ಮಾತು. ಅವಳು ಚೀಟಿಯನ್ನು ದೇವರೇ ಕೊಟ್ಟ ರಸೀದಿ ಎಂಬಂತೆ ಕನ್ನಡಿಗೆ ಅಂಟಿಸಿದಳು. ಅದೇ ವರ್ಷ ಗಂಡನ ಕೆಲಸ ಹೋಯಿತು. ಮಳೆಗಾಲದ ಹೊತ್ತಿಗೆ ಚೀಟಿಯೂ ಹೋಯಿತು, ಓದುವುದೂ ನಿಂತಿತು.

ಇಬ್ಬರೂ ಕೂತು ಆ ಅಧ್ಯಾಯವನ್ನು ಮೊದಲಿನಿಂದ ಓದಿದ್ದು ಎರಡು ವರ್ಷದ ಮೇಲೆ. ಅದು ಊರು ಕಳೆದುಕೊಂಡವರಿಗೆ, ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಹೋದವರಿಗೆ, ಪ್ರವಾದಿ ಬರೆದ ಪತ್ರ! 10ನೇ ವಚನದಲ್ಲಿ ಎಪ್ಪತ್ತು ವರ್ಷ ಎಂಬ ಗಡುವಿದೆ. ಅಂದರೆ ಪತ್ರ ಓದಿದ ಹಿರಿಯರಲ್ಲಿ ಹೆಚ್ಚಿನವರು ತಿರುಗಿ ಊರು ನೋಡುವುದಿಲ್ಲ. 5ನೇ ವಚನದಲ್ಲಿ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ ಎಂದಿದೆ. 7ರಲ್ಲಿ, ನೀವಿರುವ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಎಂದಿದೆ. ತಂಗಿ ಬಹಳ ಹೊತ್ತು ಸುಮ್ಮನಿದ್ದಳು. “ಚೀಟಿಯಲ್ಲಿ ಇದನ್ನೆಲ್ಲ ಯಾಕೆ ಹಾಕಿರಲಿಲ್ಲ?” ಎಂದಳು. ಈಗ ಅವಳ ಅಂಗಳದಲ್ಲಿ ನುಗ್ಗೆ ಇದೆ, ಕರಿಬೇವು ಇದೆ. ಬೀದಿಯಲ್ಲಿ ನೀರಿನ ಜಗಳವಾದರೆ ಬಿಡಿಸಲು ಹೋಗುವವಳೂ ಅವಳೇ.

ಚೀಟಿ ಎತ್ತಬೇಡಿ ಎಂದು ನಾನು ಹೇಳುವುದಿಲ್ಲ, ನಾನೂ ಎತ್ತುತ್ತೇನೆ. ಎತ್ತಿದ ರಾತ್ರಿಯೇ ಇಡೀ ಅಧ್ಯಾಯ ಓದಿ ಮಲಗಿ, ಅಷ್ಟೇ. ಕಣ್ಣು ಮುಚ್ಚಿ ಪುಸ್ತಕ ತೆರೆದು ಬೆರಳಿಟ್ಟ ಕಡೆ ದೇವರ ಚಿತ್ತ ಹುಡುಕುವ ಅಭ್ಯಾಸವನ್ನು ಮಾತ್ರ ಬಿಟ್ಟೇಬಿಡಿ.

ನಾಲ್ಕು ಅಳತೆ

ನನ್ನ ಅಳತೆ ಪುಸ್ತಕದಲ್ಲಿ ಎದೆ, ಭುಜ, ತೋಳು, ಉದ್ದ ಎಂದು ಬರೆದುಕೊಳ್ಳದೆ ಕತ್ತರಿ ಮುಟ್ಟುವುದಿಲ್ಲ. ಅದೇ ಬಗೆಯ ಇನ್ನೂರು ಪುಟದ ಇನ್ನೊಂದು ಪುಸ್ತಕವನ್ನು ಓದಿಗೆ ಇಟ್ಟುಕೊಂಡಿದ್ದೇನೆ. ಅಧ್ಯಾಯವನ್ನು ಮೊದಲು ಗಟ್ಟಿಯಾಗಿ ಓದುತ್ತೇನೆ. ಮನಸ್ಸಿನಲ್ಲೇ ಓದಿದರೆ ಕಣ್ಣು ಕಳ್ಳತನ ಮಾಡುತ್ತದೆ. ಆಮೇಲೆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯುತ್ತೇನೆ. ಇದನ್ನು ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದರು? ಹಿಂದೆ ಮುಂದೆ ಏನಿದೆ? ಇದೇ ಮಾತು ಬೇರೆಲ್ಲಿ ಬಂದಿದೆ? ಈ ವಾರ ನನ್ನ ಕೈ ಏನು ಮಾಡಬೇಕು? ಮೂರನೆಯದಕ್ಕೆ ಪುಟದ ಅಡಿಯಲ್ಲೋ ಅಂಚಿನಲ್ಲೋ ಸಣ್ಣ ಅಕ್ಷರದಲ್ಲಿ ಕೊಟ್ಟಿರುವ ಉಲ್ಲೇಖಗಳೇ ದಾರಿ. ನಾನು ಮೂವತ್ತು ವರ್ಷ ಅವನ್ನು ಅಚ್ಚಿನವರ ಲೆಕ್ಕ ಎಂದುಕೊಂಡಿದ್ದೆ.

ದೊಡ್ಡವ್ವನ ಪ್ರಶ್ನೆಗೆ ನಾವು ಹೀಗೆಯೇ ಅಳತೆ ಹಿಡಿದೆವು.

ಯಾರು, ಯಾರಿಗೆ? ಐಗುಪ್ತದಿಂದ, ಅಂದರೆ ಈಜಿಪ್ಟಿನಿಂದ, ಹೊರಟು ಬಂದ ಇಸ್ರಾಯೇಲ್ಯರಿಗೆ, ಮೋಶೆಯ ಮೂಲಕ. ಸುತ್ತಲಿನ ಜನಾಂಗಗಳಿಂದ ಅವರನ್ನು ಬೇರೆ ಮಾಡಿ ನಿಲ್ಲಿಸುವ ಕಾಲ. ಹಿಂದೆ ಮುಂದೆ ನೋಡಿದರೆ ನಮ್ಮ ತೊಡಕು ಇನ್ನೂ ಹೆಚ್ಚಿತು. ಅದೇ 19ನೇ ವಚನದಲ್ಲಿ ಹೊಲದಲ್ಲಿ ಎರಡು ಬಗೆಯ ಬೀಜ ಬಿತ್ತಬಾರದು ಎಂದೂ ಇದೆ. ಸಜ್ಜೆಯ ನಡುವೆ ತೊಗರಿ ಅಕ್ಕಡಿ ಹಾಕುವ ಮನೆಯವಳೊಬ್ಬಳು, “ದೊಡ್ಡವ್ವ, ನಿನ್ನ ಪಕ್ಕದಲ್ಲಿ ನನಗೂ ಜಾಗ ಬಿಡು” ಎಂದಳು. ಅದಕ್ಕೆ ಸರಿಯಾಗಿ ಒಂದು ಸಾಲು ಮೇಲೆ, 18ರಲ್ಲಿ, ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕು ಎಂದಿದೆ! ಹಳೆಯ ಒಡಂಬಡಿಕೆಯ ಕಟ್ಟಳೆ ಹೋಯಿತು ಬಿಡಿ ಎಂದು ಕೈತೊಳೆದುಕೊಂಡರೆ ಇದೂ ಹೋಗುತ್ತದೆ. ಎಲ್ಲವನ್ನೂ ಇದ್ದಂತೆ ಹಿಡಿಯುತ್ತೇವೆ ಎಂದರೆ ಊರಿನ ಮಗ್ಗಗಳೆಲ್ಲ ನಿಲ್ಲಬೇಕು. ಎರಡೂ ಸುಲಭದ ದಾರಿಗಳು, ಎರಡೂ ನಮ್ಮನ್ನು ಎಲ್ಲಿಗೂ ಮುಟ್ಟಿಸಲಿಲ್ಲ.

ಮೂರನೆಯ ಅಳತೆಗೆ ಸಭಾಪಾಲಕರು ನೆರವಾದರು. ಉತ್ತರ ಹೇಳಿಬಿಡಲಿಲ್ಲ, ಅಂಚಿನ ಉಲ್ಲೇಖ ತೋರಿಸಿ ನೀವೇ ತೆಗೆಯಿರಿ ಎಂದರು. ಧರ್ಮೋಪದೇಶಕಾಂಡ 22:11ರಲ್ಲಿ ಅದೇ ಕಟ್ಟಳೆ ಬಿಡಿಸಿ ಹೇಳಿದೆ: ಉಣ್ಣೆಯೂ ನಾರೂ ಕೂಡಿದ ಬಟ್ಟೆ. ನಾರು ಎಂದರೆ ಅಗಸೆಯ ನಾರು. ನಾವು ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಹಿಂಡಿ ಆ ಗಿಡದ ಬೀಜದ್ದೇ. ರೇಷ್ಮೆ, ಹತ್ತಿಯ ಸುದ್ದಿಯೇ ಅಲ್ಲಿಲ್ಲ. ವಿಮೋಚನಕಾಂಡದ 28ನೇ ಅಧ್ಯಾಯದಲ್ಲಿ ಯಾಜಕನ ಉಡುಪನ್ನು ನಾರಿನ ಜೊತೆ ಬಣ್ಣದ ದಾರ ಕೂಡಿಸಿ ಮಾಡಲು ಹೇಳಿದೆ. ಆ ಬಣ್ಣದ ದಾರ ಉಣ್ಣೆಯದು ಎನ್ನುತ್ತಾರೆ ತಿಳಿದವರು. ಹಾಗಾದರೆ ಆ ಬೆರಕೆ ಕೊಳಕೆಂದು ಬೇಡವೆಂದದ್ದಲ್ಲ, ಗುಡಾರಕ್ಕೆಂದು ತೆಗೆದಿಟ್ಟದ್ದು ಇರಬಹುದು.

ಇನ್ನು 18ನೇ ವಚನದ ದಾರಿ ಹಿಡಿದು ಹೋದೆವು. ಮಾರ್ಕ 12ರಲ್ಲಿ ಎಲ್ಲಕ್ಕಿಂತ ದೊಡ್ಡ ಆಜ್ಞೆ ಯಾವುದು ಎಂದು ಕೇಳಿದವನಿಗೆ ಯೇಸು ಎರಡನೆಯದಾಗಿ ಹೇಳಿದ್ದು ಅದನ್ನೇ. ಪೌಲನು ರೋಮಾಪುರದವರಿಗೆ ಬರೆಯುವಾಗಲೂ ಗಲಾತ್ಯದವರಿಗೆ ಬರೆಯುವಾಗಲೂ ಅದನ್ನೇ ಎತ್ತುತ್ತಾನೆ. ಯಾಕೋಬನು ಅದನ್ನು ರಾಜಾಜ್ಞೆ ಎನ್ನುತ್ತಾನೆ. ನೂಲಿನ ಕಟ್ಟಳೆಯನ್ನು ಹೊಸ ಒಡಂಬಡಿಕೆಯಲ್ಲಿ ಯಾರೂ ಎತ್ತಲಿಲ್ಲ. ಅಪೊಸ್ತಲರ ಕೃತ್ಯಗಳ 15ನೇ ಅಧ್ಯಾಯದಲ್ಲಿ, ಅನ್ಯಜನರಿಂದ, ಅಂದರೆ ಯೆಹೂದ್ಯರಲ್ಲದವರಿಂದ, ಬಂದ ವಿಶ್ವಾಸಿಗಳ ಮೇಲೆ ಯಾವ ಭಾರ ಹೊರಿಸಬೇಕು ಎಂದು ಯೆರೂಸಲೇಮಿನಲ್ಲಿ ಸಭೆ ಸೇರಿ ಚರ್ಚಿಸಿದಾಗಲೂ ಬಟ್ಟೆಯ ಮಾತು ಬರಲಿಲ್ಲ. ಒಂದೇ ಪುಟದ ಎರಡು ಸಾಲುಗಳಲ್ಲಿ ಯಾವುದು ನನ್ನವರೆಗೂ ಹಾಸಿಕೊಂಡು ಬಂದಿದೆ ಎಂಬುದು ಹೀಗೆ ಎಳೆ ಹಿಡಿದು ಹೋದರೆ ಮಾತ್ರ ಕಾಣುತ್ತದೆ.

ದೊಡ್ಡವ್ವ ಎಲ್ಲವನ್ನೂ ಕೇಳಿಸಿಕೊಂಡು, “ಇಷ್ಟು ಸುತ್ತಿಸಿದ್ದಕ್ಕೆ ಚಹಾ ಆದರೂ ಕೊಡು” ಎಂದಳು.

ಕೈಗೆ ಬಂದಾಗ

ನನ್ನ ಕಷ್ಟ ಶುರುವಾದದ್ದು ಅಧ್ಯಾಯ ಮುಂದುವರಿದಾಗ. 35ನೇ ವಚನದಲ್ಲಿ, ಅಳತೆಯಲ್ಲಿ, ತೂಕದಲ್ಲಿ ಅನ್ಯಾಯ ಮಾಡಬಾರದು ಎಂದಿದೆ. ನನ್ನ ಕೊರಳಲ್ಲಿ ಟೇಪು ತೂಗಾಡುತ್ತಿತ್ತು. ನಾನು ಟೇಪಿನಲ್ಲಿ ಮೋಸ ಮಾಡಿದವಳಲ್ಲ. ಆದರೆ ಬೇಕಾದಷ್ಟಕ್ಕಿಂತ ಹೆಚ್ಚು ಬಟ್ಟೆ ಹೇಳಿ, ಉಳಿದ ತುಂಡನ್ನು ಇಟ್ಟುಕೊಳ್ಳುವುದು ನಮ್ಮ ಕಸುಬಿನಲ್ಲಿ ಕಳ್ಳತನವೆಂದು ಯಾರಿಗೂ ಅನಿಸುವುದಿಲ್ಲ. ಖಣದ ಆ ತುಂಡುಗಳಲ್ಲಿ ಕೂಸುಗಳಿಗೆ ಕುಲಾಯಿ, ಕುಂಚಿಗೆ, ಸಣ್ಣ ಪರ್ಸು ಹೊಲಿದು ಮಾರುತ್ತಿದ್ದೆ. ಹಬ್ಬದ ತಿಂಗಳಲ್ಲಿ ಅದೇ ಒಂದು ಕೈ ಸಂಪಾದನೆ.

ಆ ವಾರದ ನಾಲ್ಕನೆಯ ಅಳತೆಗೆ ನಾನು ಬರೆದದ್ದು ‘ತುಂಡು ತಿರುಗಿ ಕೊಡುವುದು’ ಎಂದು. ಕುಪ್ಪಸದ ಜೊತೆ ತುಂಡನ್ನೂ ಸುತ್ತಿ ಕೊಟ್ಟಾಗ ಮೊದಲ ಗಿರಾಕಿ ನಕ್ಕರು. ಎರಡನೆಯವರು, “ಇಷ್ಟು ದಿನದ್ದು ಎಲ್ಲಿ?” ಎಂದರು. ಆ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಈಗ ಮೊದಲೇ ಕೇಳುತ್ತೇನೆ; ಬೇಡ ಎಂದವರ ತುಂಡನ್ನಷ್ಟೇ ಇಟ್ಟುಕೊಳ್ಳುತ್ತೇನೆ. ಕುಂಚಿಗೆಯ ವ್ಯಾಪಾರ ಅರ್ಧಕ್ಕೆ ಇಳಿಯಿತು. ಇಳಿದದ್ದು ತಿರುಗಿ ಏರಲಿಲ್ಲ. ಒಳ್ಳೆಯದು ಮಾಡಿದರೆ ಗಿರಾಕಿ ಇಮ್ಮಡಿಯಾಗುತ್ತಾರೆ ಎಂದು ಸಾಕ್ಷಿ ಹೇಳುವವರ ಹಾಗೆ ನಾನು ಹೇಳಲಾರೆ.

ಅದಕ್ಕಿಂತ ಕಠಿಣವಾದದ್ದು ಮತ್ತಾಯ 5:37. ಹೌದಾದರೆ ಹೌದು, ಅಲ್ಲವಾದರೆ ಅಲ್ಲ. ಹೊಲಿಗೆಯವರ ಬಾಯಲ್ಲಿ ‘ಬುಧವಾರ ಬನ್ನಿ’ ಎಂದರೆ ಶುಕ್ರವಾರ ಎಂದರ್ಥ. ಮದುವೆಯ ಕಾಲದಲ್ಲಿ ‘ಆಗುವುದಿಲ್ಲ’ ಎಂದು ಒಂದು ವಾರ ಹೇಳಿ ನೋಡಿದೆ. ಮೂವರು ಎದ್ದು ಹೋದರು. ಈ ಪಾಠದಲ್ಲಿ ನಾನು ಇನ್ನೂ ನಪಾಸು. ಅಳತೆ ಪುಸ್ತಕದಲ್ಲಿ ಸುಳ್ಳು ತಾರೀಕಿನ ಮುಂದೆ ಕೆಂಪು ಚುಕ್ಕೆ ಇಡುತ್ತೇನೆ. ಕಳೆದ ತಿಂಗಳು ಹದಿನಾಲ್ಕು ಇದ್ದವು.

ಕೂಲಿಯ ವಿಷಯ ಹೇಳದೆ ಬಿಡಲಾರೆ. ನನ್ನಲ್ಲಿ ಹುಕ್ಕು ಹಾಕಲು, ಅಂಚು ಮಡಚಲು ಒಬ್ಬ ಹುಡುಗಿ ಬರುತ್ತಾಳೆ. ಶನಿವಾರ ಸಂಜೆ ವಾರದ ಕೂಲಿ ಕೊಡುವುದು ಪದ್ಧತಿ. ಅದೇ ಅಧ್ಯಾಯದ 13ನೇ ವಚನ ಕೂಲಿಯವನ ಕೂಲಿ ಮರುದಿನ ಬೆಳಗಿನವರೆಗೆ ನಿನ್ನ ಹತ್ತಿರ ಇರಬಾರದು ಎನ್ನುತ್ತದೆ. ನಾನು ಉತ್ಸಾಹದಿಂದ ಸೋಮವಾರವೇ ದಿನದ ಕೂಲಿ ಕೈಗಿಟ್ಟೆ. ಬುಧವಾರ ಅವಳು ಮೆಲ್ಲಗೆ, “ಅಕ್ಕಾ, ಮೊದಲಿನ ಹಾಗೆ ಶನಿವಾರವೇ ಕೊಡಿ. ದಿನಾ ದುಡ್ಡು ತಂದರೆ ಮನೆಯವರು ದಿನಾ ಕುಡಿಯುತ್ತಾರೆ” ಎಂದಳು. ಧರ್ಮೋಪದೇಶಕಾಂಡ 24:15ರಲ್ಲಿ ಆ ಕಟ್ಟಳೆಗೆ ಕಾರಣವೂ ಇದೆ: ಅವನು ಬಡವನು, ಅದರ ಮೇಲೇ ಅವನ ಜೀವ ನಿಂತಿದೆ. ನಾನು ಕಟ್ಟಳೆಯ ಅಕ್ಷರವನ್ನು ಪಾಲಿಸುವ ಭರದಲ್ಲಿ, ಯಾರಿಗಾಗಿ ಆ ಕಟ್ಟಳೆ ಇದೆಯೋ ಅವಳನ್ನೇ ಕೇಳಿರಲಿಲ್ಲ. ಈಗ ಶನಿವಾರ ಅರ್ಧ ಕೈಗೆ, ಅರ್ಧ ಅವಳ ಅಂಚೆ ಕಚೇರಿಯ ಖಾತೆಗೆ. ಅವಳೇ ಹೇಳಿದ ಏರ್ಪಾಡು ಅದು.

ಒಂದು ವಾರಕ್ಕೆ ಒಂದೇ ಕೆಲಸ ಬರೆದುಕೊಳ್ಳಿ. ಅದು ಶನಿವಾರ ರಾತ್ರಿ ‘ಆಯಿತು’ ಅಥವಾ ‘ಆಗಲಿಲ್ಲ’ ಎಂದು ಗುರುತು ಹಾಕಬಹುದಾದ ಕೆಲಸವಾಗಿರಲಿ. ‘ಪ್ರೀತಿಯಿಂದ ಇರುವುದು’ ಎಂದು ಬರೆದರೆ ಪ್ರತಿ ವಾರವೂ ಆಯಿತು ಎಂದೇ ಗುರುತು ಬೀಳುತ್ತದೆ. ‘ಮಾತು ಬಿಟ್ಟ ನಾದಿನಿಗೆ ಫೋನು ಮಾಡುವುದು’ ಎಂದು ಬರೆಯಿರಿ, ಆಗ ತಿಳಿಯುತ್ತದೆ.

ಜೊತೆಗೆ ಓದುವುದು

ಒಬ್ಬರೇ ಓದಿದರೆ ನಮ್ಮ ಬುದ್ಧಿಯೇ ನಮಗೆ ಹೌದಪ್ಪ ಎನ್ನುತ್ತದೆ. ಐದಾರು ಜನ ಸಾಕು. ನಮ್ಮ ಕೂಟದಲ್ಲಿ ಪ್ರಸಂಗ ಮಾಡುವ ಹಾಗಿಲ್ಲ, ಮನೆಯಲ್ಲಿಲ್ಲದ ಸೊಸೆಗೆ ವಚನ ಹೇಳುವ ಹಾಗಿಲ್ಲ. ಬಿಡಿಸಲಾಗದ್ದನ್ನು ಚೀಟಿಯಲ್ಲಿ ಬರೆದು ಸಭಾಪಾಲಕರಿಗೆ ಕೊಡುತ್ತೇವೆ. ಓದು ಬಾರದವರನ್ನು ಮುಂದೆ ಕೂರಿಸುತ್ತೇವೆ. ಬಡ ವಿಧವೆ ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯ್ದಳು, ಅಂದರೆ ಕೊಯ್ಲಿನ ಹಿಂದೆ ಉಳಿದ ತೆನೆ ಆಯ್ದಳು, ಎಂಬಲ್ಲಿ ನನಗೆ ಕತೆ ಮಾತ್ರ ಕಂಡಿತ್ತು. ಜೋಳದ ಸುಗ್ಗಿಯಲ್ಲಿ ಹಕ್ಕಲಾಯ್ದು ಮಕ್ಕಳನ್ನು ಸಾಕಿದವಳೊಬ್ಬಳು, ಒಡೆಯ ಬೇಕೆಂದೇ ತೆನೆ ಬೀಳಿಸಿ ಹೋಗಲು ಆಳುಗಳಿಗೆ ಹೇಳಿದ ಎಂಬ ಸಾಲಿಗೆ ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಾವ ಅಡಿಟಿಪ್ಪಣಿಯಲ್ಲೂ ಇರದ ವಿವರಣೆ ಅವಳ ಹತ್ತಿರ ಇತ್ತು: ಬೀಳಿಸಿದ ತೆನೆ ಯಾವುದು, ಬಿದ್ದ ತೆನೆ ಯಾವುದು ಎಂದು ಆಯುವವಳಿಗೆ ಗೊತ್ತಾಗುತ್ತದಂತೆ.

ಮುಂದಿನ ಗುರುವಾರದಿಂದ ಯಾಜಕಕಾಂಡ 25. ಬಡವನಾದ ಸಹೋದರನಿಂದ ಬಡ್ಡಿ ತೆಗೆದುಕೊಳ್ಳಬೇಡ ಎಂದು ಅಲ್ಲಿದೆ. ನಮ್ಮ ಕೂಟದಲ್ಲಿ ಬಡ್ಡಿಗೆ ಕೊಡುವವರು ಇಬ್ಬರು, ಅವರಿಂದ ತೆಗೆದುಕೊಂಡವರು ನಾನೂ ಸೇರಿ ನಾಲ್ವರು. ಒಂದು ಸಾಲನ್ನೂ ನುಂಗದೆ ಓದಬೇಕು ಎಂದು ದೊಡ್ಡವ್ವ ಈಗಲೇ ತಾಕೀತು ಮಾಡಿದ್ದಾಳೆ.